ಸುಮ್ಮನಿರುವ ಹೊತ್ತು

ಕೆಲಸ ಮುಗಿಸಿ ಬಂದವರು ಮಾತಿಲ್ಲದೆ ಕುಳಿತರೆ ಮನೆಯವರ ಮೊದಲ ಪ್ರಶ್ನೆ, ‘ಯಾಕೆ, ಏನಾಯ್ತು?’ ಏನೂ ಆಗಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಅಂತರ್ಮುಖಿಗಳ ಸಂಜೆ ಕೆಡುವುದು ಬಹುಮಟ್ಟಿಗೆ ಇಲ್ಲೇ. ದಿನವಿಡೀ ಮಾತಾಡಿ ದಣಿದವರು ತಮ್ಮ ಮೌನಕ್ಕೂ ಮಾತಿನಲ್ಲೇ ಸಮಜಾಯಿಷಿ ಕೊಡಬೇಕಾಗುತ್ತದೆ.

ಅಂತರ್ಮುಖಿ, ಬಹಿರ್ಮುಖಿ ಎಂಬ ವಿಂಗಡಣೆಯನ್ನು ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರ ತಮ್ಮ ಗ್ರಂಥದಲ್ಲಿ ವಿವರವಾಗಿ ಮಂಡಿಸಿದರು. 1967ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಹ್ಯಾನ್ಸ್ ಐಸೆಂಕ್ ಅದರ ಕಾರಣವನ್ನು ಮಿದುಳಿನಲ್ಲಿ ಹುಡುಕಿದರು. ಅಂತರ್ಮುಖಿಗಳ ಮಿದುಳು ಸಹಜವಾಗಿಯೇ ಹೆಚ್ಚು ಎಚ್ಚರದಲ್ಲಿರುತ್ತದೆ, ಹಾಗಾಗಿ ಗದ್ದಲ ಅವರಿಗೆ ಬೇಗ ಅತಿಯಾಗುತ್ತದೆ ಎಂಬುದು ಐಸೆಂಕ್ ವಾದ. ಅದರ ಎಲ್ಲ ವಿವರಗಳೂ ಮುಂದಿನ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ. ಆದರೂ ಈ ದಣಿವನ್ನು ಬಿಗುಮಾನವೆಂದೋ ಸಿಟ್ಟೆಂದೋ ಓದಬಾರದೆಂಬ ಅರಿವು ಅದರಿಂದ ಬಲಗೊಂಡಿತು.

ಪರಿಹಾರವೆಂದು ಸಿಗುವ ಸಲಹೆಗಳೆಲ್ಲ ಒಂದೇ ತೆರ: ಕೋಣೆಯ ಬಾಗಿಲು ಹಾಕಿಕೊಳ್ಳಿ, ದೀಪ ಮಂದ ಮಾಡಿ, ಮೊಬೈಲ್ ದೂರವಿಡಿ. ಬೆಳಕಿನ ಮಾತು ನಿಜ; ರಾತ್ರಿಯ ಪ್ರಖರ ಬೆಳಕು ನಿದ್ದೆಗೆ ಬೇಕಾದ ಮೆಲಟೋನಿನ್ ಸ್ರಾವವನ್ನು ತಗ್ಗಿಸುತ್ತದೆ. ಆದರೆ ಬೆಂಗಳೂರಿನ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ, ಅತ್ತೆ–ಮಾವನ ಧಾರಾವಾಹಿ, ಮಕ್ಕಳ ಹೋಮ್‌ವರ್ಕ್ ಎಲ್ಲ ಒಟ್ಟಿಗೇ ನಡೆಯುವಾಗ ಹಾಕಿಕೊಳ್ಳಲು ಬಾಗಿಲಾದರೂ ಎಲ್ಲಿದೆ?

ಹಿಂದಿನ ಎಷ್ಟೋ ಮನೆಗಳಲ್ಲೂ ಒಬ್ಬೊಬ್ಬರಿಗೊಂದು ಕೋಣೆ ಇರಲಿಲ್ಲ. ಕೈಗೆ ಕೆಲಸ ಮಾತ್ರ ಇತ್ತು. ಜಗಲಿಯಲ್ಲಿ ಮಲ್ಲಿಗೆ ಕಟ್ಟುವವಳನ್ನು, ಸೊಪ್ಪು ಬಿಡಿಸುವವಳನ್ನು, ಗಿಡಕ್ಕೆ ನೀರು ಹಾಕುವ ಅಜ್ಜನನ್ನು ಯಾರೂ ‘ಯಾಕೆ ಸುಮ್ಮನಿದ್ದೀಯ’ ಎಂದು ಕೇಳುತ್ತಿರಲಿಲ್ಲ. ಬೆರಳಿಗೆ ಒಂದೇ ಲಯ ಸಿಕ್ಕಿದರೆ ಮನಸ್ಸಿಗೆ ಬಿಡುವು ಸಿಗುತ್ತದೆ. ಜನರ ನಡುವೆಯೇ ದಕ್ಕುವ ಈ ಏಕಾಂತದ ಮೇಲೆ ನನಗೆ ಧ್ಯಾನದ ಆ್ಯಪ್‌ಗಳಿಗಿಂತ ಹೆಚ್ಚು ನಂಬಿಕೆ. ಒಣಗಿದ ಬಟ್ಟೆ ಮಡಚುವುದೋ, ತಾರಸಿಯ ಕುಂಡಗಳಿಗೆ ನೀರುಣಿಸುವುದೋ, ಯಾವುದಾದರೂ ಆಗಲಿ, ದಿನವೂ ಅದೇ ಹೊತ್ತಿಗೆ ನಡೆಯಬೇಕು. ಹೊತ್ತು ಗೊತ್ತಾದರೆ ದಿನದಿನವೂ ವಿವರಣೆ ಕೊಡುವ ಕಷ್ಟ ತಪ್ಪುತ್ತದೆ. ಇದು ತಮ್ಮ ಮೇಲಿನ ಮುನಿಸಲ್ಲವೆಂದು ಮನೆಯವರಿಗೂ ತಿಳಿಯುತ್ತದೆ.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಆ ಹೂ ಕಟ್ಟುವವಳಿಗೆ ಅದು ಏಕಾಂತವೋ, ಮುಗಿಯದ ದುಡಿಮೆಯೋ? ಗಂಡ ಬಾಲ್ಕನಿಯಲ್ಲಿ ಒಬ್ಬನೇ ಕುಳಿತರೆ ‘ಪಾಪ, ಸುಸ್ತಾಗಿದೆ’ ಎನ್ನುತ್ತೇವೆ. ಹೆಂಡತಿ ಕುಳಿತರೆ ಒಲೆಯ ಮೇಲಿನ ಸಾರು ನೆನಪಿಸುತ್ತೇವೆ. ತಾನಾಗಿ ಆರಿಸಿಕೊಂಡ ಕೆಲಸ ಮಾತ್ರ ವಿಶ್ರಾಂತಿಯಾದೀತು, ತಲೆಗೆ ಕಟ್ಟಿದ್ದಲ್ಲ. ಆದ್ದರಿಂದ ಮನೆಯಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು, ಅವಳು ಸುಮ್ಮನೆ ಕುಳಿತ ಹೊತ್ತಿನಲ್ಲಿ ಕುಕ್ಕರ್ ಕೂಗಿದರೆ ಎದ್ದು ಹೋಗುವವರು ಯಾರು ಎಂಬುದು.