ವಾರಕ್ಕೆ 91 ಗಂಟೆ: ಹಡಗಿನ ಚರ್ಚೆ ಮುಟ್ಟದ ಅಂಕಿ

ವಾಣಿಜ್ಯ ಹಡಗುಗಳ ವಿಷಯದಲ್ಲಿ ಕೇಂದ್ರ ಸರ್ಕಾರ 2025ರಲ್ಲಿ ಇಟ್ಟ ಹೆಜ್ಜೆಗಳು ದೊಡ್ಡವು. 1958ರ ಕಾಯ್ದೆಯ ಜಾಗಕ್ಕೆ ಹೊಸ ವಾಣಿಜ್ಯ ಹಡಗು ಕಾಯ್ದೆಯನ್ನು ಸಂಸತ್ತು ಆಗಸ್ಟ್‌ನಲ್ಲಿ ಅಂಗೀಕರಿಸಿತು, ಮರುತಿಂಗಳು ಹಡಗು ನಿರ್ಮಾಣಕ್ಕೆಂದು 69,725 ಕೋಟಿ ರೂಪಾಯಿಯ ಪ್ಯಾಕೇಜಿಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು, ಮತ್ತು ಜಗತ್ತಿನ ನಾವಿಕರಲ್ಲಿ ಸುಮಾರು ಶೇ 12ರಷ್ಟಿರುವ ಭಾರತೀಯರ ಪಾಲನ್ನು ಶೇ 20ಕ್ಕೆ ಒಯ್ಯುವ ಗುರಿ ಮತ್ತೆ ಮತ್ತೆ ಘೋಷಣೆಯಾಯಿತು. ಟನ್ನೇಜು, ನೋಂದಣಿ, ಸಬ್ಸಿಡಿ, ತರಬೇತಿ ಎಲ್ಲವೂ ಚರ್ಚೆಗೆ ಬಂದವು. ಆದರೆ ಆ ಹಡಗುಗಳ ಎಂಜಿನ್ ಕೋಣೆಯಲ್ಲಿ, ಬ್ರಿಡ್ಜ್ ಎಂದು ಕರೆಯಲಾಗುವ ಚಾಲನಾ ಕೊಠಡಿಯಲ್ಲಿ ಸರದಿಯ ಮೇಲೆ ಕಾವಲು ನಿಲ್ಲುವ ಮನುಷ್ಯನನ್ನು ವಾರಕ್ಕೆ ಎಷ್ಟು ಹೊತ್ತು ದುಡಿಸಬಹುದು ಎಂಬ ಪ್ರಶ್ನೆಗೆ ಜಾಗ ಸಿಗಲಿಲ್ಲ. ಅದಕ್ಕೆ ಕಾನೂನು ಕೊಡುವ ಉತ್ತರ 91 ಗಂಟೆ. ಈ ಅಂಕಿ ಹೀಗೇ ಇರುವ ತನಕ ಭಾರತದ ಧ್ವಜದಡಿ ಹಡಗುಗಳು ಎಷ್ಟೇ ಹೆಚ್ಚಲಿ, ಅವು ಸುರಕ್ಷಿತ ಹಡಗುಗಳು ಎನ್ನಲು ಆಧಾರವಿಲ್ಲ.

ವಾರಕ್ಕೆ 70 ಗಂಟೆ ದುಡಿಯಬೇಕೆಂದು ಬೆಂಗಳೂರಿನ ಉದ್ಯಮಿಯೊಬ್ಬರು 2023ರಲ್ಲಿ ಹೇಳಿದಾಗ, 90 ಗಂಟೆಯ ಮಾತನ್ನು ಇನ್ನೊಬ್ಬ ಉದ್ಯಮಿ 2025ರ ಜನವರಿಯಲ್ಲಿ ಆಡಿದಾಗ ಕನ್ನಡದ ಪತ್ರಿಕೆಗಳು ವಾರಗಟ್ಟಲೆ ಅದನ್ನು ಚರ್ಚಿಸಿದವು, ಮತ್ತು ಚರ್ಚಿಸಿದ್ದು ಸರಿಯೇ. ಅಲ್ಲಿ ವಿವಾದಕ್ಕೆ ಕಾರಣವಾದದ್ದು ಇಬ್ಬರು ವ್ಯಕ್ತಿಗಳ ಅಭಿಪ್ರಾಯ. ಹಡಗಿನಲ್ಲಿ ಅದಕ್ಕಿಂತ ದೊಡ್ಡ ಅಂಕಿ ಅಂತರರಾಷ್ಟ್ರೀಯ ಒಪ್ಪಂದದ ರೂಪದಲ್ಲಿ ನೆಲೆನಿಂತಿದೆ. ನಾವಿಕರ ತರಬೇತಿ, ಅರ್ಹತಾ ಪತ್ರ ಮತ್ತು ಕಾವಲು ಪಾಳಿಯ ಮಾನದಂಡಗಳನ್ನು ಹೇಳುವ ಎಸ್‌ಟಿಸಿಡಬ್ಲ್ಯು ಒಡಂಬಡಿಕೆ, 2010ರ ಮನಿಲಾ ತಿದ್ದುಪಡಿಯ ನಂತರ, ದಿನಕ್ಕೆ ಕನಿಷ್ಠ 10 ಗಂಟೆ ಮತ್ತು ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿಯನ್ನು ಕಡ್ಡಾಯ ಮಾಡಿದೆ. ವಾರದ 168 ಗಂಟೆಗಳಲ್ಲಿ 77 ಕಳೆದರೆ ಉಳಿಯುವುದು 91. ಅಷ್ಟಕ್ಕೇ ಮುಗಿಯುವುದಿಲ್ಲ: ಸರ್ಕಾರಗಳು ವಿನಾಯಿತಿ ಕೊಟ್ಟರೆ ಸತತ ಎರಡು ವಾರಗಳವರೆಗೆ ವಿಶ್ರಾಂತಿಯನ್ನು 70 ಗಂಟೆಗೆ ಇಳಿಸಬಹುದು, ಅಂದರೆ 98 ಗಂಟೆಯ ದುಡಿಮೆಯೂ ಕಾನೂನುಬದ್ಧವೇ.

ಸಾಗರ ಕಾರ್ಮಿಕರ ಹಕ್ಕುಗಳನ್ನು ಒಂದೆಡೆ ತಂದ ಎಂಎಲ್‌ಸಿ 2006 ಎಂಬ ಒಡಂಬಡಿಕೆಯನ್ನು ಓದಿದವರಿಗೆ ಇನ್ನೊಂದು ವಿಚಿತ್ರ ಕಾಣಬೇಕಿತ್ತು. ದಿನಕ್ಕೆ 8 ಗಂಟೆ, ವಾರಕ್ಕೊಂದು ರಜೆ ಎಂಬುದನ್ನು ಅದು ಸಾಮಾನ್ಯ ಮಾನದಂಡವೆಂದು ಹೇಳುತ್ತದಾದರೂ ಪ್ರಾಯೋಗಿಕವಾಗಿ ಅದು ಓವರ್‌ಟೈಮ್ ಎಲ್ಲಿಂದ ಶುರು ಎಂಬ ಸಂಬಳದ ಲೆಕ್ಕವಾಗಿ ಉಳಿದಿದೆ. ಮಿತಿಯ ವಿಷಯದಲ್ಲಿ ಅದು ದೇಶಗಳಿಗೆ ಎರಡು ದಾರಿ ಬಿಡುತ್ತದೆ: ವಾರದ ದುಡಿಮೆ 72 ಗಂಟೆ ಮೀರಬಾರದೆಂದು ಹೇಳಬಹುದು, ಇಲ್ಲವೇ ವಾರದ ವಿಶ್ರಾಂತಿ 77ಕ್ಕಿಂತ ಕಡಿಮೆಯಾಗಬಾರದೆಂದು ಹೇಳಬಹುದು. ಒಂದೇ ವಿಧಿಯಲ್ಲಿ ಸಮಾನವೆಂಬಂತೆ ಅಕ್ಕಪಕ್ಕ ಕುಳಿತಿರುವ ಈ ಎರಡು ಆಯ್ಕೆಗಳ ನಡುವೆ ವಾರಕ್ಕೆ 19 ಗಂಟೆಗಳ ಅಂತರವಿದೆ. 2015ರಲ್ಲಿ ಈ ಒಡಂಬಡಿಕೆಯನ್ನು ಅನುಮೋದಿಸಿದ ಭಾರತವೂ ಹಿಡಿದದ್ದು ವಿಶ್ರಾಂತಿಯ ಲೆಕ್ಕವನ್ನೇ.

ಸಮುದ್ರದ ಕೆಲಸವೇ ಹಾಗೆ, ಅದಕ್ಕೆ ನೆಲದ ಅಳತೆ ಹೊಂದುವುದಿಲ್ಲ ಎನ್ನುವವರು ಮರೆಯುವ ಪೂರ್ವನಿದರ್ಶನ ಒಂದಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1936ರಲ್ಲೇ, ಕಲ್ಲಿದ್ದಲಿನ ಹೊಗೆ ಇನ್ನೂ ಹಡಗುಗಳನ್ನು ಬಿಟ್ಟಿರದ ಕಾಲದಲ್ಲಿ, ದುಡಿಮೆಯ ಅವಧಿ ಮತ್ತು ಸಿಬ್ಬಂದಿ ಸಂಖ್ಯೆ ಎರಡನ್ನೂ ಒಟ್ಟಿಗೆ ಕಟ್ಟಿದ ಒಡಂಬಡಿಕೆಯೊಂದನ್ನು ಅಂಗೀಕರಿಸಿತ್ತು. ಕಾವಲು ನಿಲ್ಲುವವರಿಗೆ ಅದು ಹೇಳಿದ್ದು ದಿನಕ್ಕೆ 8, ವಾರಕ್ಕೆ 56 ಗಂಟೆ. ಆ ಒಡಂಬಡಿಕೆ ಜಾರಿಗೆ ಬರಲಿಲ್ಲ. ಅದನ್ನು ತಿದ್ದಿದ 1946ರದೂ ಜಾರಿಗೆ ಬರಲಿಲ್ಲ, 1949ರದೂ ಇಲ್ಲ, 1958ರದೂ ಇಲ್ಲ. ಅರವತ್ತು ವರ್ಷಗಳ ನಂತರ, 1996ರಲ್ಲಿ, ಸರ್ಕಾರಗಳು ಒಪ್ಪಬಹುದಾದ ಒಂದು ಪಠ್ಯ ಸಿದ್ಧವಾದಾಗ ಅದರಲ್ಲಿ ಕಾಣಿಸಿಕೊಂಡದ್ದೇ ಈ 72 ಅಥವಾ 77ರ ಆಯ್ಕೆ, ಮತ್ತು ಎಂಎಲ್‌ಸಿ ಅದನ್ನೇ ಮುಂದುವರಿಸಿತು. 91 ಎಂಬುದು ನಿದ್ರಾವಿಜ್ಞಾನದಿಂದ ಹುಟ್ಟಿದ ಅಂಕಿಯಲ್ಲ, ನಾಲ್ಕು ಸಲ ಸೋತ ಚೌಕಾಸಿಯಲ್ಲಿ ಕೊನೆಗೆ ಉಳಿದ ಅಂಕಿ.

ಈ ಲೆಕ್ಕ ಹಡಗಿನ ಮೇಲೆ ಹೇಗೆ ಇಳಿಯುತ್ತದೆ ಎಂಬುದನ್ನು ಪಾಳಿಯ ಮೂಲಕ ನೋಡಬೇಕು. ನಾವಿಕರು ವಾಚ್ ಎಂದು ಕರೆಯುವ ಪಾಳಿ, ಮೂವರು ಅಧಿಕಾರಿಗಳಿದ್ದರೆ, ನಾಲ್ಕು ಗಂಟೆ ಕೆಲಸ ಎಂಟು ಗಂಟೆ ಬಿಡುವಿನಂತೆ ತಿರುಗುತ್ತದೆ. ವಾರಕ್ಕೆ 56 ಗಂಟೆ ಕಾವಲಿಗೆ ಹೋದರೂ ದುರಸ್ತಿ, ಕವಾಯತು, ಕಾಗದಪತ್ರಗಳಿಗೆ ಒಂದಿಷ್ಟು ಜಾಗ ಉಳಿಯುತ್ತದೆ. ಇಬ್ಬರೇ ಇದ್ದರೆ ಆರು ಗಂಟೆ ಕೆಲಸ ಆರು ಗಂಟೆ ಬಿಡುವು. ಕರಾವಳಿಯ ಸಣ್ಣ ಹಡಗುಗಳಲ್ಲಿ ಇದು ದಿನನಿತ್ಯದ ಪದ್ಧತಿ, ದೊಡ್ಡ ಹಡಗುಗಳಲ್ಲೂ ಬಂದರಿನಲ್ಲಿ ಸರಕು ಇಳಿಸುವಾಗ ಹಲವೆಡೆ ಇದೇ ನಡೆಯುತ್ತದೆ. ಇಲ್ಲಿ ಕಾವಲೊಂದಕ್ಕೇ ವಾರಕ್ಕೆ 84 ಗಂಟೆ ಹೋಗುವುದರಿಂದ ಉಳಿದೆಲ್ಲ ಕೆಲಸಕ್ಕೆ ಕಾನೂನು ಬಿಡುವುದು ದಿನಕ್ಕೆ ಒಂದೇ ಗಂಟೆ. ವಿಶ್ರಾಂತಿಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡಬಾರದು, ಅದರಲ್ಲಿ ಒಂದು ತುಂಡು ಕನಿಷ್ಠ ಆರು ಗಂಟೆ ಇರಲೇಬೇಕು ಎಂದೂ ನಿಯಮವಿದೆ. ಆದರೆ ಪಾಳಿ ಬಿಡುವ ಎಂಜಿನಿಯರ್ ಬರುವವನಿಗೆ ಯಾವ ಪಂಪು ಓಡುತ್ತಿದೆ, ಯಾವ ಟ್ಯಾಂಕಿನ ಮಟ್ಟ ಎಷ್ಟಿದೆ, ಯಾವ ಬೇರಿಂಗಿನ ತಾಪ ಏರುತ್ತಿದೆ ಎಂದು ವಿವರಿಸಲು ಹತ್ತು ಹದಿನೈದು ನಿಮಿಷವಾದರೂ ಬೇಕು, ಮತ್ತು ಹೀಗೆ ವಿವರಿಸಿ ಒಪ್ಪಿಸುವುದು ಎಸ್‌ಟಿಸಿಡಬ್ಲ್ಯು ಪ್ರಕಾರವೇ ಕಡ್ಡಾಯ. ಆ ಹದಿನೈದು ನಿಮಿಷ ಕಳೆದೊಡನೆ ಆರು ಗಂಟೆ ಐದೂಮುಕ್ಕಾಲಾಗುತ್ತದೆ. ಪಾಳಿಯ ಹಸ್ತಾಂತರಕ್ಕೆ ಒಂದು ನಿಮಿಷವೂ ತಗುಲದಿದ್ದರೆ ಮಾತ್ರ ನಿಯಮಕ್ಕೆ ಹೊಂದುವ ಪದ್ಧತಿಯೊಂದನ್ನು ಸರ್ಕಾರಗಳು ದಶಕಗಳಿಂದ ಒಪ್ಪಿಕೊಂಡು ಬಂದಿವೆ. ಆ ಐದೂಮುಕ್ಕಾಲು ಗಂಟೆಯಲ್ಲೇ ಸ್ನಾನ, ಊಟ, ಬಟ್ಟೆ ಒಗೆತ, ಮನೆಗೊಂದು ಕರೆ. ನಿದ್ರೆ ಅದರ ನಂತರದ್ದು. ಬ್ರಿಟನ್ನಿನ ವಾರ್ಸಾಶ್ ಮತ್ತು ಸ್ವೀಡನ್ನಿನ ಚಾಲ್ಮರ್ಸ್‌ನಲ್ಲಿ ಸಿಮ್ಯುಲೇಟರುಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಹೊರೈಜನ್ ಅಧ್ಯಯನ, ನಾಲ್ಕು-ಎಂಟರ ಪಾಳಿಗಿಂತ ಆರು-ಆರರ ಪಾಳಿ ಹೆಚ್ಚು ದಣಿಸುತ್ತದೆಂದೂ ಅಧಿಕಾರಿಗಳು ಕಾವಲಿನಲ್ಲೇ ತೂಕಡಿಸುತ್ತಾರೆಂದೂ ಅಳೆದು ತೋರಿಸಿತು.

ಎಂಜಿನ್ ಕೋಣೆಯ ಸ್ಥಿತಿ ಇದಕ್ಕಿಂತ ಜಟಿಲ. ಇಂದಿನ ಬಹುತೇಕ ದೊಡ್ಡ ಹಡಗುಗಳಲ್ಲಿ ಎಂಜಿನ್ ಕೋಣೆಯಲ್ಲಿ ರಾತ್ರಿ ಯಾರೂ ಇರುವುದಿಲ್ಲ. ಯುಎಂಎಸ್ ಎಂದು ಕರೆಯಲಾಗುವ ಈ ವ್ಯವಸ್ಥೆಯಲ್ಲಿ ಯಂತ್ರಗಳನ್ನು ಅಲಾರಂಗಳೇ ಕಾಯುತ್ತವೆ, ಏರುಪೇರಾದರೆ ಡ್ಯೂಟಿ ಎಂಜಿನಿಯರ್ ಮಲಗಿರುವ ಕೋಣೆಯಲ್ಲಿ ಗಂಟೆ ಬಾರಿಸುತ್ತದೆ. ರಾತ್ರಿ ಎರಡಕ್ಕೆ ಇಂಧನವನ್ನು ಶುದ್ಧಗೊಳಿಸುವ ಪ್ಯೂರಿಫೈಯರ್ ಕೈಕೊಟ್ಟರೆ ಆತ ಬಾಯ್ಲರ್ ಸೂಟು ತೊಟ್ಟು, ಕಿವಿಗೆ ಶಬ್ದರಕ್ಷಕ ಏರಿಸಿ, ಕಡಿದಾದ ಉಕ್ಕಿನ ಏಣಿಗಳನ್ನಿಳಿದು, ಒಬ್ಬಂಟಿಯಾಗಿ ಬಿದ್ದುಹೋದರೆ ಮೇಲಿನವರಿಗೆ ಗೊತ್ತಾಗಲೆಂದು ಇರುವ ಡೆಡ್‌ಮ್ಯಾನ್ ಅಲಾರಂನ ಗುಂಡಿಯನ್ನು ಆಗಾಗ ಒತ್ತುತ್ತ, ನಲವತ್ತು ಡಿಗ್ರಿ ದಾಟುವ ಸೆಕೆಯಲ್ಲಿ ಅದನ್ನು ಬಿಚ್ಚಿ ತೊಳೆದು ಮತ್ತೆ ಓಡಿಸಬೇಕು. ಮೂರಕ್ಕೆ ಮರಳಿ ಮಲಗಿ, ನಾಲ್ಕಕ್ಕೆ ಇನ್ನೊಂದು ಅಲಾರಂಗೆ ಎದ್ದು, ಬೆಳಗ್ಗೆ ಎಂಟಕ್ಕೆ ದಿನದ ದುರಸ್ತಿ ಕೆಲಸಕ್ಕೆ ನಿಲ್ಲುವ ಆತನ ರಾತ್ರಿಗೆ ಎಸ್‌ಟಿಸಿಡಬ್ಲ್ಯು ಕೊಡುವ ಪರಿಹಾರವೆಂದರೆ, ಕರೆಯಿಂದ ವಿಶ್ರಾಂತಿ ಕೆಟ್ಟರೆ ‘ಸಾಕಷ್ಟು’ ಬದಲಿ ವಿಶ್ರಾಂತಿ ಕೊಡಬೇಕು ಎಂಬ ಒಂದು ವಾಕ್ಯ. ಎಷ್ಟು ಗಂಟೆ, ಯಾವಾಗ, ಆ ಹೊತ್ತಿನಲ್ಲಿ ಅವನ ಕೆಲಸ ಯಾರು ಮಾಡಬೇಕು ಎಂಬ ಮಾತೇ ಅಲ್ಲಿಲ್ಲ.

ಯಂತ್ರಗಳು ಸುಧಾರಿಸಿದಂತೆ ಕಡಿಮೆ ಜನ ಸಾಕು ಎಂಬ ವಾದವನ್ನು ಬಾಲ್ಟಿಮೋರಿನ ದುರಂತದ ಬೆಳಕಿನಲ್ಲಿ ಮತ್ತೆ ನೋಡಬೇಕಾಗುತ್ತದೆ. 2024ರ ಮಾರ್ಚ್ 26ರ ನಸುಕಿನಲ್ಲಿ ಡಾಲಿ ಎಂಬ ಕಂಟೇನರ್ ಹಡಗು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಗೆ ಗುದ್ದಿ, ಸೇತುವೆಯ ಮೇಲೆ ರಸ್ತೆ ದುರಸ್ತಿಯಲ್ಲಿದ್ದ ಆರು ಕಾರ್ಮಿಕರು ಸತ್ತರು; ಹಡಗಿನ 21 ಸಿಬ್ಬಂದಿಯಲ್ಲಿ 20 ಮಂದಿ ಭಾರತೀಯರು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ 2025ರ ನವೆಂಬರ್‌ನಲ್ಲಿ ಕೊಟ್ಟ ನಿರ್ಣಯ ಪತ್ರಿಕೆಗಳಲ್ಲಿ ಒಂದು ಸಡಿಲ ತಂತಿಯ ಕತೆಯಾಗಿ ಬಂತು: ತಂತಿಗೆ ಸುತ್ತಿದ್ದ ಗುರುತಿನ ಪಟ್ಟಿ ಅಡ್ಡವಾಗಿ ಅದು ಟರ್ಮಿನಲ್ಲಿನೊಳಗೆ ಪೂರ್ತಿ ಕೂರದೆ, ಸಂಪರ್ಕ ತಪ್ಪಿ ಬ್ರೇಕರ್ ತೆರೆದುಕೊಂಡು ಹಡಗು ಕತ್ತಲಾಯಿತು. ಅದು ನಿಜ. ಆದರೆ ಆ ನಿರ್ಣಯದ ಎರಡನೆಯ ಭಾಗವನ್ನು ಓದಿದವರು ಕಡಿಮೆ.

ಮೊದಲ ಸಲ ಕತ್ತಲಾದ ನಂತರ ಸಿಬ್ಬಂದಿ ಬೇಗನೆ ವಿದ್ಯುತ್ತನ್ನು ಮರಳಿಸಿದ್ದರು. ಎರಡನೆಯ ಸಲ ಕತ್ತಲಾದದ್ದಕ್ಕೆ ಕಾರಣ ತಂತಿಯಲ್ಲ, ಒಂದು ಪಂಪು. ಜನರೇಟರುಗಳಿಗೆ ಇಂಧನ ಒದಗಿಸಲು ಬೇರೆಯೇ ಪಂಪುಗಳಿರುತ್ತವೆ; ಅವು ವಿದ್ಯುತ್ ಹೋಗಿ ಬಂದರೆ ತಾವಾಗಿ ಮತ್ತೆ ಓಡುತ್ತವೆ, ಒಂದು ನಿಂತರೆ ಇನ್ನೊಂದು ಹಿಡಿದುಕೊಳ್ಳುತ್ತದೆ. ಡಾಲಿಯಲ್ಲಿ ಆ ಕೆಲಸಕ್ಕೆ, ಇಂಧನದ ಕೊಳವೆಗಳನ್ನು ತೊಳೆಯಲೆಂದು ಇದ್ದ ಫ್ಲಶಿಂಗ್ ಪಂಪನ್ನು ಬಳಸುವುದು ರೂಢಿಯಾಗಿತ್ತು. ಅದು ತಾನಾಗಿ ಮರುಚಾಲನೆಗೊಳ್ಳುವ ಪಂಪಲ್ಲ, ಅದಕ್ಕೆ ಬದಲಿಯೂ ಇಲ್ಲ. ಮೊದಲ ಕತ್ತಲಲ್ಲಿ ನಿಂತ ಅದನ್ನು ಆ ನಿಮಿಷಗಳಲ್ಲಿ ಕೈಯಾರೆ ಓಡಿಸದ ಕಾರಣ ಜನರೇಟರುಗಳಿಗೆ ಇಂಧನ ಸಾಲದೆ ಹಡಗು ಮತ್ತೆ ಕತ್ತಲಾಯಿತು, ಮತ್ತು ಮೊದಲ ಕತ್ತಲಿನಿಂದ ಸೇತುವೆ ಕುಸಿಯುವ ತನಕ ಇದ್ದದ್ದು ಸುಮಾರು ನಾಲ್ಕು ನಿಮಿಷ.

ಎನ್‌ಟಿಎಸ್‌ಬಿ ಈ ಅಪಘಾತಕ್ಕೆ ಸಿಬ್ಬಂದಿಯ ದಣಿವು ಕಾರಣವೆಂದು ಹೇಳಿಲ್ಲ, ಮತ್ತು ಹಾಗೆ ಹೇಳಿದೆ ಎಂದು ಇಲ್ಲಿ ವಾದಿಸುತ್ತಲೂ ಇಲ್ಲ. ವಾದ ಬೇರೆ. ಈ ಪಂಪು ಈಗ ನಿಂತರೆ ಮುಂದೇನು ಎಂಬ ಒಂದು ಪ್ರಶ್ನೆಯನ್ನು ಯಾರಾದರೂ ಬಿಡುವಾಗಿ ಕುಳಿತು ಕೇಳಿದ್ದರೆ ಆ ರೂಢಿ ಅಷ್ಟು ಕಾಲ ಉಳಿಯುತ್ತಿರಲಿಲ್ಲ. ಎಂಜಿನ್ ಕೋಣೆಯ ಅಪಾಯಗಳಲ್ಲಿ ಹೆಚ್ಚಿನವು ಹುಟ್ಟುವುದು ತುರ್ತಿನ ಹೊತ್ತಿನಲ್ಲಲ್ಲ, ನಡೆಯುತ್ತಿದೆ ನಡೆಯಲಿ ಎಂದು ಬಿಟ್ಟ ಅನುಕೂಲಗಳಲ್ಲಿ. ಕೊಳವೆಯ ಜಾಡು ಹಿಡಿದು ನಡೆಯುವ, ನಕ್ಷೆಯನ್ನೂ ಯಂತ್ರವನ್ನೂ ಹೋಲಿಸುವ, ಹಿಂದಿನ ಪಾಳಿಯವರು ಮಾಡಿದ್ದನ್ನು ಪ್ರಶ್ನಿಸುವ ಕೆಲಸಕ್ಕೆ ಎಚ್ಚರವಿರುವ ಮನಸ್ಸು ಬೇಕು, ಮತ್ತು ದಿನದ ಪಟ್ಟಿಯಲ್ಲಿ ಕಟ್ಟುನಿಟ್ಟಿನ ಕೆಲಸಗಳಾಚೆ ಒಂದಿಷ್ಟು ಸಮಯ ಬೇಕು. 91 ಗಂಟೆಯ ವಾರ ಮೊದಲು ಕಸಿದುಕೊಳ್ಳುವುದು ಇದನ್ನೇ.

ದಣಿವೇ ನೇರ ಕಾರಣವಾದ ಪ್ರಕರಣ ಬೇಕೆನ್ನುವವರಿಗೆ ಆಸ್ಟ್ರೇಲಿಯಾದ ತನಿಖಾ ಸಂಸ್ಥೆ ದಾಖಲಿಸಿದ ಶೆನ್ ನೆಂಗ್ 1 ಇದೆ. 2010ರ ಏಪ್ರಿಲ್ 3ರಂದು ಗ್ಲಾಡ್‌ಸ್ಟನ್ ಬಂದರಿನಿಂದ ಕಲ್ಲಿದ್ದಲು ತುಂಬಿಕೊಂಡು ಹೊರಟ ಆ ಹಡಗು ಗ್ರೇಟ್ ಬ್ಯಾರಿಯರ್ ರೀಫಿನ ಹವಳದ ದಿಬ್ಬವನ್ನು ಏರಿ ನಿಂತಾಗ, ಬ್ರಿಡ್ಜ್‌ನಲ್ಲಿ ಕಾವಲಿದ್ದ ಮುಖ್ಯ ಅಧಿಕಾರಿ ಅದಕ್ಕೆ ಮುಂಚಿನ 38.5 ಗಂಟೆಗಳಲ್ಲಿ ಮಲಗಿದ್ದು ಎರಡೂವರೆ ಗಂಟೆ ಮಾತ್ರ. ಬಂದರಿನಲ್ಲಿ ಸರಕು ತುಂಬುವುದನ್ನು ನೋಡಿಕೊಂಡವರೇ ಪಾಳಿಗೂ ಬಂದಿದ್ದರು.

ಇದಕ್ಕೆ ಬರುವ ಪ್ರತಿವಾದಗಳಲ್ಲಿ ಖರ್ಚಿನದು ಮೊದಲನೆಯದು. ಒಬ್ಬ ಎಂಜಿನಿಯರನ್ನು ಹೆಚ್ಚು ಇಟ್ಟುಕೊಂಡರೆ ಭಾರತದ ಧ್ವಜ ದುಬಾರಿಯಾಗಿ ಮಾಲೀಕರು ಬೇರೆ ಧ್ವಜಕ್ಕೆ ಹೋಗುತ್ತಾರೆ ಎಂಬುದು ಸುಳ್ಳಲ್ಲ. ಹಡಗೊಂದಕ್ಕೆ ಕನಿಷ್ಠ ಎಷ್ಟು ಜನ ಬೇಕೆಂಬ ಪ್ರಮಾಣಪತ್ರವನ್ನು ಅದು ನೋಂದಣಿಯಾದ ದೇಶವೇ ಕೊಡುವುದರಿಂದ, ಕಡಿಮೆ ಜನರಿಗೆ ಒಪ್ಪುವ ದೇಶಕ್ಕೆ ಹೆಚ್ಚು ಹಡಗು ಎಂಬ ಪೈಪೋಟಿ ಮೊದಲಿಂದಲೂ ಇದೆ. ಅದಕ್ಕಾಗಿಯೇ ಉತ್ತರ ಅಂತರರಾಷ್ಟ್ರೀಯವಾಗಿರಬೇಕು, ಮತ್ತು ಅದಕ್ಕೆ ಸಮಯವೂ ಇದೇ: ಅಂತರರಾಷ್ಟ್ರೀಯ ಸಾಗರ ಸಂಘಟನೆ ಐಎಂಒ ಈಗ ಎಸ್‌ಟಿಸಿಡಬ್ಲ್ಯುವಿನ ಸಮಗ್ರ ಪರಿಷ್ಕರಣೆಯಲ್ಲಿ ತೊಡಗಿದೆ. ಜಗತ್ತಿಗೆ ಅತಿ ಹೆಚ್ಚು ನಾವಿಕರನ್ನು ಕೊಡುವ ದೇಶಗಳಲ್ಲಿ ಒಂದಾದ, ಐಎಂಒ ಮಂಡಳಿಗೆ ಮತ್ತೆ ಆಯ್ಕೆಯಾಗಿರುವ ಭಾರತ ಅಲ್ಲಿ ವಾರದ ದುಡಿಮೆಗೆ 72 ಗಂಟೆಯ ಮಿತಿಯನ್ನು ಸೇರಿಸಬೇಕೆಂದೂ ಇಬ್ಬರ ಪಾಳಿಯನ್ನು ಕೈಬಿಡಬೇಕೆಂದೂ ಕೇಳಬೇಕು. ನಾವಿಕರೇ ಓವರ್‌ಟೈಮ್ ಬಯಸುತ್ತಾರೆ ಎಂಬ ಎರಡನೆಯ ವಾದಕ್ಕೆ ಹೆಚ್ಚು ಮಾತು ಬೇಕಿಲ್ಲ. ಪೈಲಟ್‌ಗಳಿಗೆ ವಾರಕ್ಕೆ ಸತತ 48 ಗಂಟೆ ವಿಶ್ರಾಂತಿ ಕೊಡುವಾಗ ಅವರು ಹೆಚ್ಚು ಹಾರಲು ಸಿದ್ಧರಿದ್ದಾರೆಯೇ ಎಂದು ಈ ದೇಶ ಕೇಳಲಿಲ್ಲ.

ಅಂಕಿ ಬದಲಾಗುವ ತನಕ ಇರುವ ನಿಯಮವನ್ನಾದರೂ ಪಾಲಿಸುತ್ತಿದ್ದೇವೆಯೇ ಎಂಬುದು ಇನ್ನೊಂದು ಪ್ರಶ್ನೆ. ಸ್ವೀಡನ್ನಿನ ಮಾಲ್ಮೊದಲ್ಲಿರುವ ವಿಶ್ವ ಸಾಗರ ವಿಶ್ವವಿದ್ಯಾಲಯ 2020ರಲ್ಲಿ ಪ್ರಕಟಿಸಿದ ಅಧ್ಯಯನ, ದುಡಿಮೆ-ವಿಶ್ರಾಂತಿಯ ದಾಖಲೆಗಳನ್ನು ನಿಯಮಕ್ಕೆ ಹೊಂದುವಂತೆ ತಿದ್ದುವುದು ಹಡಗುಗಳಲ್ಲಿ ವ್ಯಾಪಕವೆಂದು ಕಂಡುಕೊಂಡಿತು. ನಾವಿಕರು ಫ್ಲಾಗಿಂಗ್ ಎನ್ನುವ ಈ ಕೆಲಸಕ್ಕೆ ಪ್ರೇರಣೆ ಸರಳ: ತಂತ್ರಾಂಶದಲ್ಲಿ ನಿಜ ತುಂಬಿದರೆ ಚೌಕ ಕೆಂಪಾಗುತ್ತದೆ, ಕೆಂಪಾದರೆ ಕಚೇರಿಯಿಂದ ವಿವರಣೆ ಕೇಳಿ ಮೇಲ್ ಬರುತ್ತದೆ, ಆದರೆ ಇನ್ನೊಬ್ಬ ಎಂಜಿನಿಯರ್ ಬರುವುದಿಲ್ಲ.

ಇದನ್ನು ಪತ್ತೆ ಮಾಡುವ ಸಾಕ್ಷ್ಯ ಹಡಗಿನಲ್ಲೇ ಇದೆ. ಎಂಜಿನ್ ನಿಯಂತ್ರಣ ಕೊಠಡಿಯ ವ್ಯವಸ್ಥೆ ಪ್ರತಿ ಅಲಾರಂ ಬಂದ ಮತ್ತು ಅದನ್ನು ಒಪ್ಪಿಕೊಂಡ ಗಂಟೆ, ನಿಮಿಷ, ಸೆಕೆಂಡನ್ನು ತಾನಾಗಿ ದಾಖಲಿಸುತ್ತದೆ. ರಾತ್ರಿ 2.10ಕ್ಕೆ ಅಲಾರಂ ಒಪ್ಪಿಕೊಂಡ ದಾಖಲೆಯಿದ್ದು, ಅದೇ ರಾತ್ರಿ ಡ್ಯೂಟಿ ಎಂಜಿನಿಯರ್ ಹತ್ತರಿಂದ ಆರರವರೆಗೆ ಮಲಗಿದ್ದರೆಂದು ವಿಶ್ರಾಂತಿಯ ಹಾಳೆ ಹೇಳಿದರೆ, ಎರಡರಲ್ಲಿ ಒಂದು ಸುಳ್ಳು. ನವಮಂಗಳೂರಿನಲ್ಲಾಗಲಿ ಮುಂಬೈಯಲ್ಲಾಗಲಿ ಹಡಗನ್ನೇರುವ ಸರ್ವೇಯರ್ ಈ ಎರಡು ದಾಖಲೆಗಳ ಒಂದು ತಿಂಗಳ ಪ್ರತಿಯನ್ನು ಅಕ್ಕಪಕ್ಕ ಇಟ್ಟು ನೋಡಲು ಅರ್ಧ ದಿನ ಸಾಕು. ಈ ಹೋಲಿಕೆಯನ್ನು ಪ್ರತಿ ತಪಾಸಣೆಯಲ್ಲೂ ಕಡ್ಡಾಯ ಮಾಡಲು, ಮತ್ತು ತಾಳೆಯಾಗದ ಹಡಗಿನ ಸಿಬ್ಬಂದಿ ಪ್ರಮಾಣಪತ್ರವನ್ನು ಮರುಪರಿಶೀಲನೆಗೆ ಒಳಪಡಿಸಲು, ಹಡಗು ಮಹಾನಿರ್ದೇಶನಾಲಯ ಇನ್ನೊಂದು ಕಾಯ್ದೆಗೆ ಕಾಯಬೇಕಾಗಿಲ್ಲ. ಒಂದು ಸುತ್ತೋಲೆ ಹೊರಡಿಸಬೇಕು.