ಪ್ರತಿಮೆ ಕೊಟ್ಟ ಮೇಲೆ ದುರಸ್ತಿ ಯಾರ ಲೆಕ್ಕಕ್ಕೆ?

2025ರ ಗಾಂಧಿ ಜಯಂತಿಗೆ ಮೂರೇ ದಿನವಿದ್ದಾಗ ಲಂಡನ್ನಿನ ಟ್ಯಾವಿಸ್ಟಾಕ್ ಸ್ಕ್ವೇರ್‌ನ ಗಾಂಧೀಜಿ ಪ್ರತಿಮೆಯ ಪೀಠದ ಮೇಲೆ ಕಿಡಿಗೇಡಿಗಳು ಬಣ್ಣದಿಂದ ಗೀಚಿ ವಿರೂಪಗೊಳಿಸಿದರು. 1968ರಲ್ಲಿ ಅಂದಿನ ಪ್ರಧಾನಿ ಹೆರಾಲ್ಡ್ ವಿಲ್ಸನ್ ಅನಾವರಣ ಮಾಡಿದ್ದ ಪ್ರತಿಮೆಯಿದು. ಭಾರತೀಯ ಹೈಕಮಿಷನ್ ಕೃತ್ಯವನ್ನು ಖಂಡಿಸಿದ್ದಲ್ಲದೆ, ಸ್ಥಳೀಯ ಅಧಿಕಾರಿಗಳಿಗೆ ದೂರು ಸಲ್ಲಿಸಿ, ತನ್ನವರನ್ನು ಸ್ಥಳಕ್ಕೆ ಕಳುಹಿಸಿ ದುರಸ್ತಿಯ ಏರ್ಪಾಡಿಗೆ ಕೈಹಾಕಿತು.

ಖಂಡನೆ ಬೇಕಾದದ್ದೇ. ಆದರೆ ಅದರಿಂದ ಬಣ್ಣ ಹೋಗುವುದಿಲ್ಲ. ಕಲ್ಲು ಬಣ್ಣವನ್ನು ಹೀರುತ್ತದೆ, ತಡವಾದಷ್ಟೂ ತೆಗೆಯುವುದು ಕಷ್ಟ. ಕಂಚಾದರೆ ಆಸಿಡ್ ಹಾಕಿ ಉಜ್ಜುವಂತಿಲ್ಲ. ವರ್ಷಗಳಿಂದ ಕಟ್ಟಿದ ಮೇಲ್ಪದರವೇ ಕಿತ್ತುಹೋಗುತ್ತದೆ. ತಿಳಿದವರೇ ತೊಳೆದು ಮೇಣ ಹಚ್ಚಬೇಕು. ಅಭಿಮಾನದಿಂದ ಬಕೆಟ್, ಬ್ರಷ್ ಹಿಡಿದು ಹೊರಟವರಿಂದ ಹಾನಿಯೇ ಹೆಚ್ಚು!

ಅಮೆರಿಕದ ಕ್ಯಾಲಿಫೋರ್ನಿಯಾದ ಡೇವಿಸ್ ನಗರದಲ್ಲಿ ಆದದ್ದು ಇನ್ನೂ ಗಂಭೀರ. ಭಾರತ ಸರಕಾರ ಕೊಡುಗೆಯಾಗಿ ನೀಡಿ, 2016ರಲ್ಲಿ ವಿರೋಧದ ನಡುವೆಯೇ ಸ್ಥಾಪನೆಯಾದ 6 ಅಡಿಯ ಕಂಚಿನ ಗಾಂಧಿ ಪ್ರತಿಮೆಯನ್ನು 2021ರ ಜನವರಿಯಲ್ಲಿ ಪಾದದ ಗಂಟಿನ ಬಳಿ ಕತ್ತರಿಸಿ ಉರುಳಿಸಲಾಯಿತು. ಅರ್ಧ ಮುಖವೇ ಕಾಣೆಯಾಗಿತ್ತು. ಕಾಲನ್ನು ಬೆಸುಗೆ ಹಾಕಿ ಕೂಡಿಸಬಹುದು, ಹೋದ ಮುಖವನ್ನು ಮತ್ತೆ ಎರಕ ಹೊಯ್ಯಬೇಕು. ಮುರಿದ ಪ್ರತಿಮೆಯನ್ನು ತೆರವುಗೊಳಿಸಿ ಸುರಕ್ಷಿತವಾಗಿಟ್ಟದ್ದು ನಗರಾಡಳಿತ. ಮತ್ತೆ ನಿಲ್ಲಿಸುವ ಪ್ರಶ್ನೆ ಬಂದಾಗ ಅಲ್ಲಿನ ನಿವಾಸಿಗಳ ಮಾತಿಗೂ ಬೆಲೆಯುಂಟು, ದಾನ ಕೊಟ್ಟವರ ಮಾತೊಂದೇ ನಡೆಯದು.

ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ಕಲಬುರಗಿ ಮೂಲದ, ಲ್ಯಾಂಬೆತ್‌ನ ಮಾಜಿ ಮೇಯರ್ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಥೇಮ್ಸ್ ದಂಡೆಯಲ್ಲಿ ನಿಂತ ಬಸವೇಶ್ವರರ ಪ್ರತಿಮೆಯನ್ನು ಪ್ರಧಾನಿ ನರೇಂದ್ರ ಮೋದಿ 2015ರ ನವೆಂಬರ್ 14ರಂದು ಅನಾವರಣಗೊಳಿಸಿದ್ದರು. ಅದು ಕೂಡ ಬಯಲಿನಲ್ಲಿದೆ, ಮಳೆ ಗಾಳಿಗೆ ಒಡ್ಡಿಕೊಂಡಿದೆ.

ಪ್ರತಿಮೆಗೆಂದರೆ ಚಂದಾ ಹರಿದು ಬರುತ್ತದೆ, ಶಿಲಾಫಲಕದಲ್ಲಿ ಹೆಸರೂ ಬರುತ್ತದೆ. ಹತ್ತು ವರ್ಷದ ನಂತರ ಮೇಣ ಹಚ್ಚಲು ಕೊಟ್ಟವರ ಹೆಸರನ್ನು ಯಾರು ಕೆತ್ತಿಸುತ್ತಾರೆ? ಕಟ್ಟಡದ ಲಿಫ್ಟಿಗೆ ವರ್ಷ ವರ್ಷ ನಿರ್ವಹಣೆಯ ಕರಾರು ಮಾಡಿಕೊಳ್ಳುವ ನಮ್ಮ ಜನ, ಪ್ರತಿಮೆಯ ವಿಷಯದಲ್ಲಿ ಅನಾವರಣದ ದಿನಕ್ಕೇ ಲೆಕ್ಕ ಮುಗಿಸುತ್ತಾರೆ. ಒಡೆತನ ಯಾರದು, ವಿಮೆ ಯಾರದು, ಹಾನಿಯಾದರೆ ಯಾರಿಗೆ ತಿಳಿಸಬೇಕು ಎಂಬುದು ಕೊಡುಗೆ ಪತ್ರದಲ್ಲೇ ಇರಬೇಕು. ಜೊತೆಗೆ ಸಂಗ್ರಹವಾದ ಹಣದಲ್ಲಿ ಒಂದು ಪಾಲನ್ನು ಠೇವಣಿಯಿಟ್ಟು, ಬಡ್ಡಿಯನ್ನು ದುರಸ್ತಿಗೆಂದೇ ಮೀಸಲಿಡುವುದು ಯಾವ ಸಂಘಕ್ಕೂ ಕಷ್ಟದ ಕೆಲಸವಲ್ಲ.