ಶಾಲೆಗೆ ಬಂದ ಕಂಪ್ಯೂಟರಿಗೆ ಕನ್ನಡ ಬರುತ್ತದೆಯೇ?



ಮುರುಡೇಶ್ವರಕ್ಕೆ ನೀವು ಹೋಗಿರುತ್ತೀರಿ. 123 ಅಡಿ ಎತ್ತರದ ಶಿವನನ್ನು ಕತ್ತೆತ್ತಿ ನೋಡಿರುತ್ತೀರಿ. ಕಡಲಿಗೆ ಬೆನ್ನು ಮಾಡಿ ಫೋಟೋ ತೆಗೆಸಿಕೊಂಡಿರುತ್ತೀರಿ. ಆದರೆ ಆ ಶಿವನ ಊರು ಭಟ್ಕಳ ತಾಲ್ಲೂಕಿನ ಮಾವಳ್ಳಿ ಹೋಬಳಿಗೆ ಸೇರಿದ್ದು ಎಂಬುದು ನಿಮಗೆ ಗೊತ್ತೇ? ಆ ಹೋಬಳಿಯಲ್ಲಿ ಕನ್ನಡ ಶಾಲೆಗಳಿವೆ, ಅಲ್ಲಿ ಮಕ್ಕಳು ಓದುತ್ತಿದ್ದಾರೆ ಎಂಬುದನ್ನು ಎಂದಾದರೂ ಯೋಚಿಸಿದ್ದೀರಾ?

ಬೆಳಿಗ್ಗೆ ಎಂಟೂವರೆಗೆ ಹೆದ್ದಾರಿ 66ರ ಪಕ್ಕ ನಿಂತು ನೋಡಿ. ಹಳದಿ ಬಸ್ಸುಗಳು ಒಂದರ ಹಿಂದೆ ಒಂದು ಟೈ ಕಟ್ಟಿದ ಮಕ್ಕಳನ್ನು ತುಂಬಿಕೊಂಡು ಹೋಗುತ್ತವೆ. ಬಸ್ಸು ಹತ್ತದ ಮಕ್ಕಳು ನಡೆದು ಹೋಗುತ್ತಾರೆ. ಅವರಲ್ಲಿ ಮೀನುಗಾರರ ಮಕ್ಕಳಿದ್ದಾರೆ. ಮನೆಯಲ್ಲಿ ಕೊಂಕಣಿ ಆಡುವವರಿದ್ದಾರೆ, ನವಾಯತಿ ಆಡುವವರಿದ್ದಾರೆ, ಉರ್ದು ಆಡುವವರಿದ್ದಾರೆ. ಗುಡ್ಡದ ಬುಡದ ಗೊಂಡರ ಮಕ್ಕಳಿದ್ದಾರೆ. ಬಯಲುಸೀಮೆಯಿಂದ ಕೂಲಿಗೆ ಬಂದವರ ಮಕ್ಕಳೂ ಇದ್ದಾರೆ. ಇವರೆಲ್ಲ ಒಂದೇ ಬೆಂಚಿನ ಮೇಲೆ ಕೂರುವ ಜಾಗ ಕನ್ನಡ ಶಾಲೆ. ಅವರ ನಡುವೆ ಕಣ್ಣು ಸರಿಯಾಗಿ ಕಾಣದ, ಕಿವಿ ಸರಿಯಾಗಿ ಕೇಳದ, ಅಕ್ಷರ ಜೋಡಿಸಲು ಒದ್ದಾಡುವ ಒಂದೆರಡು ಮಕ್ಕಳೂ ಇರುತ್ತಾರೆ. ಇಂದಿನ ಈ ಮಾತು ಆ ಮಕ್ಕಳ ಬಗ್ಗೆ.

ಪೌಂಡ್ ಗುರುತು ಓದಿದ ಯಂತ್ರ

ಕರಾವಳಿಯ ಒಂದು ಸರ್ಕಾರಿ ಶಾಲೆಗೆ ಮಳೆಗಾಲದಲ್ಲಿ ಹೋಗಿದ್ದೆ. ಹೆಸರು ಬೇಡ, ತಪ್ಪು ಆ ಶಾಲೆಯದ್ದಲ್ಲ. ದಾನಿಗಳು ಕೊಟ್ಟ ಕಂಪ್ಯೂಟರುಗಳು ಪ್ಲಾಸ್ಟಿಕ್ ಹೊದಿಕೆಯೊಳಗೆ ಬೆಚ್ಚಗೆ ಮಲಗಿದ್ದವು. ದೃಷ್ಟಿ ಮಂಜಾದ ಒಬ್ಬ ಹುಡುಗಿ ಕೇಳಿದಳು: "ಇದು ಪಾಠ ಓದಿ ಹೇಳ್ತದಾ ಸರ್?" ಮಾವನ ಮೊಬೈಲು ಓದಿ ಹೇಳುವುದನ್ನು ಅವಳು ಕೇಳಿದ್ದಳಂತೆ.

ಮೇಷ್ಟ್ರು ಉತ್ಸಾಹದಿಂದ ಯಂತ್ರ ಚಾಲೂ ಮಾಡಿದರು. ಪರದೆ ಓದುವ ತಂತ್ರಾಂಶ ಹಾಕಿದ್ದಾಯಿತು. ತಾವೇ ಶ್ರಮಪಟ್ಟು ಟೈಪು ಮಾಡಿಟ್ಟಿದ್ದ ಕನ್ನಡ ಪಾಠದ ಟಿಪ್ಪಣಿ ತೆರೆದರು. ಯಂತ್ರ ಬಾಯಿಬಿಟ್ಟಿತು. ಅದು ಓದಿದ್ದು ಇಂಗ್ಲಿಷ್ ಅಕ್ಷರಗಳು, ಪೌಂಡ್ ಗುರುತು, ಮತ್ತೆ ಇಂಗ್ಲಿಷ್ ಅಕ್ಷರಗಳು! ಮಕ್ಕಳು ನಕ್ಕರು. ಆ ಹುಡುಗಿ ನಗಲಿಲ್ಲ. ಸುಮ್ಮನೆ ತನ್ನ ಜಾಗಕ್ಕೆ ಹೋಗಿ ಕುಳಿತಳು.

ಹೀಗೇಕಾಯಿತು? ಹಳೆಯ ಫಾಂಟುಗಳ ಕಾಲದಲ್ಲಿ ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಸ್ವಂತ ಮನೆ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿತ್ತು. ಪರದೆಯ ಮೇಲೆ ಕಾಣುವುದು "ಕನ್ನಡ" ಎಂಬ ಪದ. ಒಳಗೆ ಯಂತ್ರಕ್ಕೆ ಗೊತ್ತಿರುವುದು "ಪಿ", ಟೊಪ್ಪಿಗೆ ಹಾಕಿದ "ಎ", ಪೌಂಡ್ ಗುರುತು! ಕಣ್ಣಿದ್ದವರಿಗೆ ಇದರಿಂದ ತೊಂದರೆಯಿಲ್ಲ, ಅಚ್ಚು ಹಾಕಿದರೆ ಚೆಂದ ಕಾಣುತ್ತದೆ. ಕಿವಿಯಿಂದ ಓದುವ ಮಗುವಿಗೆ ಮಾತ್ರ ಅದು ಬರೀ ಗದ್ದಲ.

ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆಯಿದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಬರಹ, ನುಡಿ ತಂತ್ರಾಂಶಗಳು ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಿ ದೊಡ್ಡ ಉಪಕಾರ ಮಾಡಿದವು, ಇಂದು ಎರಡರಲ್ಲೂ ಯೂನಿಕೋಡ್ ಇದೆ. ಕೀಲಿಮಣೆಯ ವಿನ್ಯಾಸಕ್ಕೆ ಕೆ.ಪಿ. ರಾಯರು ದುಡಿದರು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ಕಂಡಕಂಡಲ್ಲಿ ಜಗಳವಾಡಿದರು. ಆದರೂ ಇಂದಿಗೂ ಎಷ್ಟೋ ಕಚೇರಿಗಳಲ್ಲಿ, ಎಷ್ಟೋ ಡಿ.ಟಿ.ಪಿ. ಅಂಗಡಿಗಳಲ್ಲಿ ಹಳೆಯ ಚಾಳಿಯೇ ಮುಂದುವರಿದಿದೆ. "ಅಚ್ಚಾಗಿ ಬರುತ್ತದಲ್ಲ, ಸಾಕು" ಎಂಬ ಅಸಡ್ಡೆ. ಈ ಅಸಡ್ಡೆಯ ಬೆಲೆ ತೆರುತ್ತಿರುವುದು ಆ ಹುಡುಗಿ.

ಬೇಕಾದ ಯಂತ್ರವೇನು ಲಕ್ಷಾಂತರ ರೂಪಾಯಿಯದ್ದೇ? ಅಲ್ಲ. ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶ ಉಚಿತ. 2006ರಲ್ಲಿ ಅದನ್ನು ಶುರುಮಾಡಿದವನು ಆಸ್ಟ್ರೇಲಿಯಾದ ಒಬ್ಬ ಅಂಧ ಯುವಕ, ಮೈಕೆಲ್ ಕರನ್. ದುಬಾರಿ ತಂತ್ರಾಂಶ ಕೊಳ್ಳಲಾಗದ ಅಂಧರಿಗಾಗಿಯೇ ಅದು ಹುಟ್ಟಿದ್ದು. ಅದರ ಜೊತೆಗಿರುವ ಧ್ವನಿ ಕನ್ನಡವನ್ನೂ ಓದುತ್ತದೆ. ಸ್ವರ ಸ್ವಲ್ಪ ಒರಟು, ಆದರೆ ಅರ್ಥವಾಗುತ್ತದೆ. ಸಾಧಾರಣ ಮೊಬೈಲಿನಲ್ಲೂ ಕನ್ನಡ ಓದುವ ಧ್ವನಿ ಇದೆ. ಹಾಗಾದರೆ ಕೊರತೆ ಇರುವುದು ಎಲ್ಲಿ? ಕನ್ನಡವನ್ನು ಕನ್ನಡವಾಗಿಯೇ ಟೈಪು ಮಾಡಬೇಕೆಂಬ ಮನಸ್ಸಿನಲ್ಲಿ!

ಕಾನೂನು ಬಾಯಿಬಿಟ್ಟು ಹೇಳಿದೆ

"ಸರ್ಕಾರಕ್ಕೆ ಹಣವಿಲ್ಲ, ಏನು ಮಾಡೋದು ಮಾರಾಯ್ರೆ" ಎನ್ನುವವರು ಸ್ವಲ್ಪ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿಗದಿತ ಪ್ರಮಾಣದ ಅಂಗವೈಕಲ್ಯವಿರುವ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕೆಯ ಸಾಮಗ್ರಿ ಮತ್ತು ಸೂಕ್ತ ಸಾಧನಗಳನ್ನು ಉಚಿತವಾಗಿ ಕೊಡಬೇಕು ಎನ್ನುತ್ತದೆ. ಯಾರು ಕೊಡಬೇಕು? ಸರ್ಕಾರ ಮತ್ತು ಸ್ಥಳೀಯ ಪ್ರಾಧಿಕಾರ. ಅಂದರೆ ನಿಮ್ಮ ಗ್ರಾಮ ಪಂಚಾಯತಿಯೂ ಹೊಣೆ. ಪಂಚಾಯತಿಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ಶೇಕಡಾ 5ನ್ನು ಅಂಗವಿಕಲರಿಗಾಗಿ ಮೀಸಲಿಡಬೇಕೆಂಬ ನಿಯಮವೂ ಇದೆ. ಆ ಹಣ ಎಲ್ಲಿಗೆ ಹೋಯಿತೆಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದ್ದೀರಾ?

ಇನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಂದಿರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಅದು ಕಟ್ಟಿಹಾಕಿದೆ. ನಮ್ಮ ರಾಜ್ಯದಲ್ಲಿ ಎಸ್.ಡಿ.ಎಂ.ಸಿ. 2001ರಿಂದಲೇ ಇದೆ. ಕಾಗದದ ಮೇಲೆ ಶಾಲೆಯ ಒಡೆಯರು ಪಾಲಕರೇ. ಬಹಳ ಕಡೆ ನಡೆಯುವುದೇನು? ಸಹಿ ಹಾಕಲು ಕರೆಯುತ್ತಾರೆ, ಚಹಾ ಕುಡಿದು ಬರುತ್ತೇವೆ.

ವ್ಯವಸ್ಥೆಯೂ ಇಲ್ಲವೆಂದಲ್ಲ. ಉತ್ತರ ಕನ್ನಡದಲ್ಲಿ ಕಾರವಾರ, ಶಿರಸಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಭಟ್ಕಳ, ಹೊನ್ನಾವರ, ಕುಮಟಾ ಕಾರವಾರದ ಪಾಲು. ಶಿಕ್ಷಕರಿಗೆ ತರಬೇತಿ ಕೊಡುವ ಡಯಟ್ ಕುಮಟಾದಲ್ಲೇ ಇದೆ. ತಾಲ್ಲೂಕಿಗೊಂದು ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರ ಹುದ್ದೆ, ಪಂಚಾಯತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಕೊಂಡಿಗಳೆಲ್ಲ ಇವೆ, ಪೋಣಿಸುವವರು ಬೇಕು. ಅಧಿಕಾರಿ ಪೋಣಿಸುತ್ತಾನೆಂದು ಕಾಯುತ್ತ ಕುಳಿತರೆ ಆ ಹುಡುಗಿಯ ಹತ್ತನೇ ತರಗತಿ ಮುಗಿದು ಹೋಗಿರುತ್ತದೆ.

ಕರಾವಳಿಗೆ ಇದು ಹೊಸದಲ್ಲ

ಊರು ಶಾಲೆಯನ್ನು ಕಟ್ಟುವುದು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಿನಕರ ದೇಸಾಯಿಯವರನ್ನು ನೆನೆಯಿರಿ. ರೈತರ ಪರ ಹೋರಾಡಿದ್ದಕ್ಕೆ ಬ್ರಿಟಿಷ್ ಸರ್ಕಾರದಿಂದ ಗಡೀಪಾರಾದ ಮನುಷ್ಯ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. ಹಿಂದುಳಿದ ಹಳ್ಳಿಗಳ ಮಕ್ಕಳಿಗೆ ಹೈಸ್ಕೂಲಿನ ಬಾಗಿಲು ತೆರೆದರು. ಚುಟುಕ ಬರೆದ ಕೈಯೇ ಶಾಲೆಗಳನ್ನೂ ಕಟ್ಟಿತು. ಭಾಷಾಭಿಮಾನ ಎಂದರೆ ಇದು!

ತೀರಾ ಇತ್ತೀಚಿನದೂ ಇದೆ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ "ಆನ್‌ಲೈನ್ ಪಾಠ" ಎಂದರು. ಘಟ್ಟದ ಅಂಚಿನಲ್ಲಿ ನೆಟ್‌ವರ್ಕ್ ಹುಡುಕಿ ಮಕ್ಕಳು ಗುಡ್ಡ ಹತ್ತಿದರು. ಆಗ ಬಂದದ್ದು ವಿದ್ಯಾಗಮ. ದೇವಸ್ಥಾನದ ಜಗಲಿ, ಮರದ ನೆರಳು, ಸಮುದಾಯ ಭವನಗಳಲ್ಲಿ ಮೇಷ್ಟ್ರುಗಳು ಪಾಠ ಮಾಡಿದರು. ಸೋಂಕಿನ ಭಯದಿಂದ ಅದೇ ವರ್ಷದ ಅಕ್ಟೋಬರಿನಲ್ಲಿ ನಿಲ್ಲಿಸಬೇಕಾಯಿತು, ನಿಜ. ಆದರೆ ಊರಿನ ಜಗಲಿ ಇಲ್ಲದೆ ಯಂತ್ರವೊಂದೇ ಶಾಲೆ ನಡೆಸಲಾರದು ಎಂಬುದು ಅಂದು ಎಲ್ಲರಿಗೂ ತಿಳಿಯಿತು.

ತಂತ್ರಜ್ಞಾನ ಎಂದರೆ ವಿದ್ಯುತ್ತೇ ಬೇಕೆಂದೂ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ರೂಪಿಸಿದ ನಲಿ ಕಲಿಯನ್ನು ನೋಡಿ. ರಟ್ಟಿನ ಕಾರ್ಡುಗಳು, ಏಣಿಯಂಥ ಮೆಟ್ಟಿಲುಗಳು. ಮಗು ತನ್ನ ವೇಗದಲ್ಲಿ ಹತ್ತುತ್ತದೆ. ನಿಧಾನ ಕಲಿಯುವ ಮಗುವನ್ನು ದಡ್ಡ ಎನ್ನುವುದಿಲ್ಲ. ಮನೆಯಲ್ಲಿ ನವಾಯತಿ ಆಡಿ ಬಂದ ಮಗುವಿಗೂ ಚಿತ್ರ ನೋಡಿ ಕನ್ನಡ ಪದ ಹಿಡಿಯಲು ಸಮಯ ಸಿಗುತ್ತದೆ. ಮನೆಮಾತನ್ನು ಮರೆಯದೆಯೇ ಕನ್ನಡವನ್ನು ಕೂಡಿಸಿಕೊಳ್ಳುವ ದಾರಿ ಅದು. ಭಟ್ಕಳದಂಥ ಊರಿಗೆ ಇದಕ್ಕಿಂತ ಬೇರೇನು ಬೇಕು?

ನಮ್ಮ ಕಡೆಗೂ ಒಂದು ಬೆರಳು

ಈಗ ಕಹಿ ಮಾತು. ಕನ್ನಡ ಸಂಘಟನೆಗಳ ನಾವು ಏನು ಮಾಡಿದ್ದೇವೆ? ಇಂಗ್ಲಿಷ್ ನಾಮಫಲಕ ಕಂಡರೆ ನುಗ್ಗಿದ್ದೇವೆ. ಗೋಕಾಕ್ ಚಳವಳಿಯ ಕಥೆಯನ್ನು ಪ್ರತಿ ವೇದಿಕೆಯಲ್ಲಿ ಹೇಳಿದ್ದೇವೆ. ನವೆಂಬರ್ ಒಂದಕ್ಕೆ ಧ್ವನಿವರ್ಧಕ, ಪೆಂಡಾಲು, ಹಾರ ತುರಾಯಿ. ಸರಿ. ಆದರೆ ನಮ್ಮಲ್ಲಿ ಎಷ್ಟು ಜನ ಎಸ್.ಡಿ.ಎಂ.ಸಿ. ಸದಸ್ಯರು? ಎಷ್ಟು ಜನರ ಮಕ್ಕಳು ಕನ್ನಡ ಶಾಲೆಯಲ್ಲಿದ್ದಾರೆ? ಶಾಲೆಗೆ ಯಂತ್ರ ಕೊಡುವ ಸಮಾರಂಭದಲ್ಲಿ ವೇದಿಕೆ ಏರಿದ್ದೇವೆ, "ಇದರಲ್ಲಿ ಕನ್ನಡ ಓದುತ್ತದೆಯೇ?" ಎಂದು ಒಬ್ಬರಾದರೂ ಕೇಳಿದ್ದೇವೆಯೇ?

2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. 2019ರಲ್ಲಿ ರಾಜ್ಯ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯಿತು. ಪಾಲಕರು ಕನ್ನಡ ಶಾಲೆಯಲ್ಲೇ ಉಳಿಯಬೇಕಾದರೆ ಇನ್ನು ಒಂದೇ ದಾರಿ: ಆ ಶಾಲೆ ಒಳ್ಳೆಯದಾಗಬೇಕು. ಯಾವ ಶಾಲೆ ಒಳ್ಳೆಯದು? ಎಲ್ಲರಿಗಿಂತ ಕಷ್ಟದಲ್ಲಿರುವ ಮಗುವೂ ಕಲಿಯುವ ಶಾಲೆ. ಅಂಥ ಮಗುವಿಗಾಗಿ ಮಾಡಿದ ಏರ್ಪಾಡು ಉಳಿದ ಮಕ್ಕಳಿಗೂ ಉಪಕಾರಿ. ಓದಿ ಹೇಳುವ ಯಂತ್ರ ಕಣ್ಣು ಮಂಜಾದವಳಿಗೆ ದಾರಿ, ಓದಲು ತಡವರಿಸುವವನಿಗೆ ಊರುಗೋಲು, ಮನೆಯಲ್ಲಿ ಕೊಂಕಣಿ ಆಡುವವನಿಗೆ ಕನ್ನಡದ ಉಚ್ಚಾರ ಕಲಿಸುವ ಮೇಷ್ಟ್ರು.

ಹಾಗಾದರೆ ನೀವೇನು ಮಾಡಬೇಕು?

ಒಂದು: ಮುಂದಿನ ಎಸ್.ಡಿ.ಎಂ.ಸಿ. ಸಭೆಯಲ್ಲಿ ಠರಾವು ಮಾಡಿಸಿ. ಕನ್ನಡ ಕೀಲಿಮಣೆ, ಕನ್ನಡ ಓದುವ ಧ್ವನಿ ಇಲ್ಲದ ಯಾವ ಯಂತ್ರವನ್ನೂ ಶಾಲೆ ಸ್ವೀಕರಿಸಬಾರದು. ದಾನಿಗೆ ಕೋಪ ಬರುತ್ತದೆಯೇ? ಬರುವುದಿಲ್ಲ. ಕೇಳುವವರಿಲ್ಲದ್ದರಿಂದ ಅವರು ಕೊಟ್ಟಿಲ್ಲ, ಅಷ್ಟೇ.

ಎರಡು: ಟಿಪ್ಪಣಿ, ಪ್ರಶ್ನೆಪತ್ರಿಕೆ, ಸುತ್ತೋಲೆ ಎಲ್ಲವೂ ಯೂನಿಕೋಡಿನಲ್ಲೇ ಇರಲಿ ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ಮನವಿ ಕೊಡಿ. ಸ್ವೀಕೃತಿ ಪಡೆಯಿರಿ. ಹಳೆಯ ಕಡತಗಳನ್ನು ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಊರಿನ ಕಾಲೇಜು ಹುಡುಗರು ನಾಲ್ಕು ಭಾನುವಾರ ಕುಳಿತರೆ ಒಂದು ಶಾಲೆಯ ಕೆಲಸ ಮುಗಿಯುತ್ತದೆ.

ಮೂರು: ಪಂಚಾಯತಿ ಗ್ರಂಥಾಲಯಕ್ಕೆ ಹೋಗಿ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಇಂಥ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ಮಕ್ಕಳ ದಿನದಂದು "ಓದುವ ಬೆಳಕು" ಅಭಿಯಾನ ಶುರುವಾಯಿತು. ಈಗ ಅವುಗಳ ಹೆಸರು ಅರಿವು ಕೇಂದ್ರ. ಅಲ್ಲಿ ಒಂದು ಕಂಪ್ಯೂಟರಿಗೆ ಪರದೆ ಓದುವ ತಂತ್ರಾಂಶ, ಒಂದು ಹೆಡ್‌ಫೋನು ಇಡಿಸಿ. ಅಂಧರಿಗಾಗಿ 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯದಲ್ಲಿ ಕನ್ನಡ ಪುಸ್ತಕಗಳೂ ಇವೆ, ಅದಕ್ಕೆ ಆ ಮಗುವಿನ ಹೆಸರು ನೋಂದಾಯಿಸಿ.

ನಾಲ್ಕು: ನಿವೃತ್ತ ಮೇಷ್ಟ್ರು, ಅಕ್ಕೋರುಗಳಿಂದ ಪಾಠ ಓದಿಸಿ ಧ್ವನಿಮುದ್ರಿಸಿ. ಅಂಗವಿಕಲರಿಗಾಗಿ ಪುಸ್ತಕವನ್ನು ಹೀಗೆ ಬೇರೆ ರೂಪಕ್ಕೆ ತರಲು 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಅವಕಾಶ ಕೊಟ್ಟಿದೆ. ಯಂತ್ರದ ಸ್ವರಕ್ಕಿಂತ ಊರಿನವರ ಸ್ವರ ಮಗುವಿನ ಮನಸ್ಸಿಗೆ ಹತ್ತಿರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲಿರುತ್ತವೆ. ಆ ಬಿಡುವಿನಲ್ಲಿ ಮೀನುಗಾರ ಯುವಕರೂ ಕೈಜೋಡಿಸಬಹುದು.

ಐದು: ಮಳೆಗಾಲ ಮರೆಯಬೇಡಿ. ನಮ್ಮ ಕಡೆ ಗಾಳಿಮಳೆಗೆ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ನೆಟ್‌ವರ್ಕ್ ಇಲ್ಲದೆಯೂ ನಡೆಯುವ, ಬ್ಯಾಟರಿಯಿಂದ ಓಡುವ ಸಾಧನವನ್ನೇ ಕೇಳಿ. ಬ್ರೈಲ್ ಪುಸ್ತಕಗಳಿಗೂ ಬೇಡಿಕೆ ಸಲ್ಲಿಸಿ. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ 1951ರಿಂದ ಇದೆ. ಆರು ಚುಕ್ಕೆಗಳಿಗೆ ಕರೆಂಟು ಬೇಡ.

ಆರು: ಸಂಪನ್ಮೂಲ ಶಿಕ್ಷಕರು ಶಾಲೆಗೆ ಬರುವ ದಿನವನ್ನು ನೋಟೀಸ್ ಬೋರ್ಡಿನ ಮೇಲೆ ಬರೆಸಿ. ಬರದಿದ್ದರೆ ಕೇಳಿ. ಒಬ್ಬರ ಹೆಗಲಿಗೆ ಇಡೀ ತಾಲ್ಲೂಕು ಹೊರಿಸಿದ್ದರೆ ಅವರ ಮೇಲೆ ರೇಗಬೇಡಿ, ಹುದ್ದೆ ಹೆಚ್ಚಿಸಿ ಎಂದು ಕಾರವಾರದಲ್ಲಿ ಧರಣಿ ಕೂರಿ. ಆ ಧರಣಿಗೆ ನಾವೂ ಬರುತ್ತೇವೆ.

ಬಂಧುಗಳೇ, ಈ ಬಾರಿ ರಾಜ್ಯೋತ್ಸವದ ಪೆಂಡಾಲಿನ ಖರ್ಚಿನಲ್ಲಿ ಒಂದು ಪಾಲು ತೆಗೆದಿಡಿ. ನಿಮ್ಮೂರಿನ ಕನ್ನಡ ಶಾಲೆಗೆ ಹೋಗಿ ಕಂಪ್ಯೂಟರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ತೆಗೆಯಿರಿ. ಮಂಜುಗಣ್ಣಿನ ಮಗುವೊಂದನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಂತ್ರ ಕನ್ನಡ ಓದಿದರೆ ಚಪ್ಪಾಳೆ ತಟ್ಟಿ. ಪೌಂಡ್ ಗುರುತು ಓದಿದರೆ ಅಲ್ಲಿಂದ ನೇರ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೆ ನಡೆಯಿರಿ. ಕೈಯಲ್ಲಿ ಮಸಿ ಡಬ್ಬಿ ಬೇಡ, ಮನವಿ ಪತ್ರವಿರಲಿ. ಅದನ್ನು ಯೂನಿಕೋಡಿನಲ್ಲೇ ಟೈಪು ಮಾಡಿಸಿ!